ಲೆಕ್ಕಕ್ಕೆ 96 ಬಂತು: ಹಿಗ್ಗಬೇಕೇ, ಹುಷಾರಾಗಬೇಕೇ?

ಮಗಳು ಶಾಲೆಯಿಂದ ಬಂದವಳೇ ಅಂಕಪಟ್ಟಿ ಕೈಗಿಡುತ್ತಾಳೆ. ಗಣಿತಕ್ಕೆ 100ಕ್ಕೆ 96. ನೀವೇನು ಮಾಡುತ್ತೀರಿ? ದೇವರ ಮುಂದಿಟ್ಟು ಕೈ ಮುಗಿಯುತ್ತೀರಿ, ಬಾಯಿಗಿಷ್ಟು ಸಕ್ಕರೆ ಹಾಕುತ್ತೀರಿ, ಯಜಮಾನರು ಮನೆಗೆ ಬಂದ ಕೂಡಲೇ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತೀರಿ. ನಾನೂ ಹಾಗೇ ಮಾಡಿದವಳು. ಆದರೆ ಈಗ ಅಂಥ ಅಂಕ ಕಂಡಾಗ ಸಕ್ಕರೆ ಡಬ್ಬ ತೆಗೆಯುವ ಮೊದಲು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ 96 ಬಂದದ್ದು ಮಗಳಿಗೆ ಲೆಕ್ಕ ಬರುತ್ತದೆ ಅಂತಲೋ, ಇಲ್ಲಾ ಕೇಳಿದ ಲೆಕ್ಕವೇ ಅಷ್ಟು ಸಲೀಸಾಗಿತ್ತು ಅಂತಲೋ?

“ಇದೇನ್ರೀ ಇವರು, ಕಮ್ಮಿ ಬಂದರೂ ಗೋಳು, ಜಾಸ್ತಿ ಬಂದರೂ ಗೋಳು” ಅನ್ನಬೇಡಿ. ಸ್ವಲ್ಪ ಕೇಳಿ. ಇದನ್ನು ಬರೆಯುತ್ತಿರುವವಳು ಗಣಿತದ ಪಂಡಿತೆಯಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಗ ನನಗೆ ಗಣಿತದಲ್ಲಿ ಬಂದದ್ದು 41. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಹಾಲಿನ ಲೆಕ್ಕ, ಚೀಟಿ ಲೆಕ್ಕ, ಬಡ್ಡಿ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಮಾಡಿದವಳಲ್ಲ. ಆದರೂ ಈ ವಿಷಯ ನಿಮ್ಮ ಮುಂದೆ ಇಡಲೇಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ದೊಡ್ಡ ಮಗಳು.

ದೊಡ್ಡವಳ ಕಣ್ಣೀರು

ದೊಡ್ಡವಳು 2023ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಗಣಿತದಲ್ಲಿ 96. ಹೈಸ್ಕೂಲಿನ ಮೂರು ವರ್ಷವೂ ಅವಳು ಗಣಿತಕ್ಕೆ ಕಷ್ಟಪಟ್ಟದ್ದನ್ನು ನಾನು ನೋಡಲಿಲ್ಲ. ಟಿ.ವಿ. ಮುಂದೆ ಕೂತು ಹತ್ತು ನಿಮಿಷಕ್ಕೆ ಹೋಂವರ್ಕ್ ಮುಗಿಸಿಬಿಡುತ್ತಿದ್ದಳು. ಪಕ್ಕದ ಮನೆಯ ಅಕ್ಕ, “ನಮ್ಮ ಹುಡುಗ ಲೆಕ್ಕದ ಪುಸ್ತಕ ತೆಗೆದರೆ ಅಳ್ತಾನೆ, ನೀವು ಪುಣ್ಯ ಮಾಡಿದ್ರಿ ಬಿಡಿ” ಅನ್ನುತ್ತಿದ್ದರು. ನಾನು ಬೀಗುತ್ತಿದ್ದೆ. ಇಷ್ಟು ಅಂಕ ಬಂದವಳಿಗೆ ಸೈನ್ಸ್ ಅಲ್ಲದೆ ಇನ್ನೇನು? ಕೇಳುವುದೇ ಬೇಡ ಅಂತ ಪಿಯುಸಿಗೆ ವಿಜ್ಞಾನ ಕೊಡಿಸಿದೆವು. ಓದಿದ್ದು ಇಂಗ್ಲಿಷ್ ಮಾಧ್ಯಮವೇ, ಹಾಗಾಗಿ ಭಾಷೆಯ ತೊಡಕೂ ಇರಲಿಲ್ಲ.

ಕಾಲೇಜಿನ ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ 50ಕ್ಕೆ 13 ಬಂತು.

ಮೊದಲು ನಾವು ಮೊಬೈಲಿನ ಮೇಲೆ ಹಾಕಿದೆವು. ಆಮೇಲೆ ಗೆಳತಿಯರ ಮೇಲೆ. ಆಮೇಲೆ ಟ್ಯೂಷನ್ ಹಾಕಿದೆವು, ದುಡ್ಡು ಸುರಿದೆವು. ಹುಡುಗಿ ರಾತ್ರಿ ಹನ್ನೊಂದರವರೆಗೂ ಪುಸ್ತಕದ ಮುಂದೆ ಕೂರುತ್ತಿದ್ದಳು. ಆದರೆ ಪುಟ ಮಾತ್ರ ಮಗುಚುತ್ತಿರಲಿಲ್ಲ. ಹೇಗೋ ಮೊದಲ ವರ್ಷ ಪಾಸಾದಳು. ಮುಂದಕ್ಕೆ ಹೋಗುವ ಧೈರ್ಯ ಅವಳಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಕಾಮರ್ಸಿಗೆ ಬದಲಾಯಿಸಿ ಮತ್ತೆ ಮೊದಲ ಪಿಯುಸಿಯಿಂದ ಶುರು ಮಾಡಿಸಿದೆವು. ಒಂದು ವರ್ಷ ಕೈಬಿಟ್ಟು ಹೋಯಿತು. ಕಾಮರ್ಸ್ ಏನೂ ಕೀಳಲ್ಲ, ಅವಳು ಅಲ್ಲಿ ಖುಷಿಯಾಗಿಯೇ ಓದಿಕೊಂಡಳು. ಆದರೆ ಬದಲಾಯಿಸಿದ ದಿನ ಅವಳು ಹೇಳಿದ ಮಾತು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. “ಅಮ್ಮಾ, ನನಗೆ ಬರಲಿಲ್ಲ ಅಂತ ಬೇಜಾರಿಲ್ಲ. ನನಗೆ ಬರ್ತಿಲ್ಲ ಅಂತ ಮೂರು ವರ್ಷ ಯಾರೂ ಹೇಳ್ಲೇ ಇಲ್ವಲ್ಲ!”

ತಂಬಿಟ್ಟಿನ ಪರೀಕ್ಷೆ

ಚಿಕ್ಕವಳು ಅಕ್ಕನ ಅದೇ ಶಾಲೆ. ಅದೇ ಹತ್ತು ನಿಮಿಷದ ಹೋಂವರ್ಕ್, ಅದೇ “ಮ್ಯಾಥ್ಸ್ ತುಂಬಾ ಈಸಿ ಅಮ್ಮಾ.” ಈ ಸಲ ಆ ಮಾತಿಗೆ ನನಗೆ ಹಿಗ್ಗು ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ನಾನು ಪರೀಕ್ಷೆ ಮಾಡುವುದಾದರೂ ಹೇಗೆ? ಅವಳ ಪುಸ್ತಕ ತೆರೆದರೆ ನನಗೆ ಅರ್ಧ ಅರ್ಥವಾಗುವುದಿಲ್ಲ.

2025ರ ಶಿವರಾತ್ರಿಗೆ ತಂಬಿಟ್ಟು ಕಟ್ಟುತ್ತಾ ಕೂತಿದ್ದೆ. ಅವಳು ಆಗ ಒಂಬತ್ತನೇ ತರಗತಿ. ಹಿಂದಿನ ವಾರವಷ್ಟೇ ಗೋಳದ ಘನಫಲದ ಪಾಠದ ಟೆಸ್ಟಿನಲ್ಲಿ ಪೂರ್ತಿ ಅಂಕ ತಂದಿದ್ದಳು. ಸೂತ್ರ ಕೇಳಿದರೆ ಪಟಪಟ ಹೇಳುತ್ತಾಳೆ: ಮೂರನೇ ನಾಲ್ಕು ಪೈ ಆರ್ ಕ್ಯೂಬ್. ನಾನು ಒಂದು ದೊಡ್ಡ ಉಂಡೆ, ಒಂದು ಪುಟ್ಟ ಉಂಡೆ ಕಟ್ಟಿ ಮುಂದಿಟ್ಟೆ. ಸ್ಕೇಲ್ ತಂದು ಅಳೆಯಲು ಹೇಳಿದೆ. ದೊಡ್ಡದರ ಅಡ್ಡಳತೆ 6 ಸೆಂಟಿಮೀಟರ್, ಪುಟ್ಟದು 3.

“ದೊಡ್ಡದನ್ನು ಪುಡಿ ಮಾಡಿದರೆ ಈ ಪುಟ್ಟದರಂಥವು ಎಷ್ಟು ಆಗುತ್ತವೆ ಹೇಳು ನೋಡೋಣ.”

“ಇಷ್ಟೇನಾ? ಎರಡು” ಅಂದಳು, ತಲೆ ಎತ್ತದೆ.

ಉಂಡೆ ಕಟ್ಟುವ ಯಾವ ಹೆಂಗಸಿಗಾದರೂ ಗೊತ್ತು, ಎರಡಲ್ಲ ಅಂತ. ಆದರೆ ನಿಖರವಾಗಿ ಎಷ್ಟು ಅಂತ ನನಗೂ ಗೊತ್ತಿರಲಿಲ್ಲ. “ಮುರಿ, ಕಟ್ಟು” ಅಂದೆ. ಕಟ್ಟುತ್ತಾ ಹೋದಳು. ಎರಡಾಯಿತು, ಮೂರಾಯಿತು, ಐದಾಯಿತು. ಮುಖದ ಬಣ್ಣ ಬದಲಾಯಿತು. ಕೊನೆಗೆ ಎಂಟು ಉಂಡೆಯಾದವು, ಎಂಟನೆಯದು ಮಾತ್ರ ಸ್ವಲ್ಪ ಕುಳ್ಳಗೆ.

“ಯಾಕೆ ಎಂಟು?” ಅಂದೆ. ಸುಮ್ಮನೆ ಕೂತಳು. ಆಮೇಲೆ ಮೆಲ್ಲಗೆ, “ಆರ್ ಕ್ಯೂಬ್... ಎರಡು ಗುಣಿಸು ಎರಡು ಗುಣಿಸು ಎರಡು... ಅಮ್ಮಾ, ಕ್ಯೂಬ್ ಅಂದ್ರೆ ಇದೇನಾ!” ಅಂದಳು. ಅಡ್ಡಳತೆ ಎರಡರಷ್ಟಾದರೆ ಹಿಟ್ಟು ಎಂಟರಷ್ಟು ಬೇಕು. ಸೂತ್ರದಲ್ಲಿ ಅದು ಇದ್ದೇ ಇತ್ತು. ವಾರದ ಹಿಂದೆ ಅದರಲ್ಲೇ ಪೂರ್ತಿ ಅಂಕ ತಂದಿದ್ದಳು. ಆದರೆ ಆ ಸೂತ್ರಕ್ಕೂ ಕೈಯಲ್ಲಿರುವ ಉಂಡೆಗೂ ಸಂಬಂಧವಿದೆ ಅಂತ ಅವಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮೇಷ್ಟ್ರು ಹೇಳಿದ್ದು

ಮಾರನೇ ವಾರ ಶಾಲೆಗೆ ಹೋದೆ. ಜಗಳಕ್ಕಲ್ಲ, ಕೇಳಿಕೊಳ್ಳಲು. ಹೋಗುವ ಮೊದಲು ಅವಳ ನೋಟ್‌ಬುಕ್ ತಿರುವಿ ಹಾಕಿದ್ದೆ. ಇಡೀ ವರ್ಷದ ಪುಸ್ತಕದಲ್ಲಿ ಒಂದೂ ಕಾಟು ಇಲ್ಲ, ಅಳಿಸಿದ ಗುರುತಿಲ್ಲ. ಮೊದಲು ನೋಡಿದಾಗ ಎಂಥ ಚೊಕ್ಕ ಪುಸ್ತಕ ಅನ್ನಿಸಿತು. ಆಮೇಲೆ ಹೊಳೆಯಿತು: ಎಲ್ಲ ಲೆಕ್ಕವೂ ಬೋರ್ಡಿನಿಂದ ಇಳಿಸಿಕೊಂಡದ್ದು. ಟೆಸ್ಟಿನಲ್ಲಿ ಬಂದದ್ದೂ ಅವೇ ಲೆಕ್ಕ, ಎಷ್ಟೋ ಕಡೆ ಅಂಕಿ ಕೂಡ ಬದಲಾಗಿರಲಿಲ್ಲ. ತಪ್ಪು ಮಾಡಲು ಅವಕಾಶವೇ ಇಲ್ಲದ ಕಡೆ ಮಗು ಕಲಿಯುವುದಾದರೂ ಏನನ್ನು?

ಗಣಿತದ ಮೇಷ್ಟ್ರು ಒಳ್ಳೆಯವರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. “ಅಮ್ಮಾ, ಮುಚ್ಚಿಡೋದು ಯಾಕೆ. ಕ್ಲಾಸಿನಲ್ಲಿ 58 ಮಕ್ಕಳಿದ್ದಾರೆ. ಅರ್ಧ ಮಕ್ಕಳಿಗೆ ಏಳರ ಮಗ್ಗಿ ಬರಲ್ಲ. ಯಾರೂ ಫೇಲಾಗಬಾರದು ಅಂತ ಮೇಲಿನಿಂದ ಹೇಳ್ತಾರೆ. ನಾನು ಎಲ್ಲರನ್ನೂ ದಡ ಸೇರಿಸೋ ಲೆಕ್ಕ ಹೇಳಿಕೊಡಬೇಕು. ನಿಮ್ಮ ಮಗಳಂಥವರು ನಾಲ್ಕೈದು ಜನ. ಅವರ ಪಾಲಿಗೆ ಕಮ್ಮಿ ಆಗ್ತಿದೆ ಅಂತ ನನಗೂ ಗೊತ್ತು” ಅಂದರು.

ಸೋದರಿಯರೇ, ಈ ಮಾತನ್ನು ನಾವು ಅರ್ಥ ಮಾಡಿಕೊಳ್ಳಬೇಕು. ತರಗತಿ ಸುಲಭವಾದದ್ದು ಮೇಷ್ಟ್ರ ಸೋಮಾರಿತನದಿಂದ ಅಲ್ಲ. ಏಳರ ಮಗ್ಗಿ ಬಾರದ ಮಗುವೂ ಯಾರೋ ಒಬ್ಬ ತಾಯಿಯ ಮಗುವೇ. ಅದು ಪಾಸಾಗಲಿ ಅನ್ನುವುದು ತಪ್ಪಲ್ಲ. 2025ರಲ್ಲಿ ನಮ್ಮ ಸರ್ಕಾರ ಎಸ್ಸೆಸ್ಸೆಲ್ಸಿ ಪಾಸಿಗೆ ಬೇಕಾದ ಒಟ್ಟು ಅಂಕವನ್ನು ಶೇಕಡ 35ರಿಂದ 33ಕ್ಕೆ ಇಳಿಸಿದ್ದೂ ಅದೇ ಉದ್ದೇಶಕ್ಕೆ. ಆದರೆ ಎಲ್ಲರೂ ಪಾಸಾಗಲಿ ಅಂತ ನಡೆಯುವ ತರಗತಿಯಲ್ಲಿ 96 ಬಂದರೆ, ಆ 96ರ ಅರ್ಥವನ್ನು ಮನೆಯವರು ವಿಚಾರಿಸಿ ತಿಳಿಯಬೇಕು. ಅದೂ ಅಲ್ಲದೆ ಗಣಿತದ 100 ಅಂಕದಲ್ಲಿ 20 ಶಾಲೆಯವರೇ ಕೊಡುವ ಆಂತರಿಕ ಅಂಕ, ಪರೀಕ್ಷೆಯಲ್ಲಿ ಬರೆಯುವುದು 80ಕ್ಕೆ.

ಮೆಟ್ಟಿಲು ಎಲ್ಲಿ ಎತ್ತರವಾಗುತ್ತದೆ?

ಹತ್ತನೆಯ ತರಗತಿಯವರೆಗೆ ಸಲೀಸಾಗಿ ಬಂದ ಮಗು ಹನ್ನೊಂದರಲ್ಲಿ ಯಾಕೆ ಎಡವುತ್ತದೆ? ಇದನ್ನು ಪರಿಚಯದ ಕಾಲೇಜು ಉಪನ್ಯಾಸಕಿಯೊಬ್ಬರು ನನಗೆ ಬಿಡಿಸಿ ಹೇಳಿದರು.

ಹತ್ತನೆಯಲ್ಲಿ ತ್ರಿಕೋನಮಿತಿ ಅಂದರೆ ಲಂಬಕೋನ ತ್ರಿಭುಜ; 0ಯಿಂದ 90 ಡಿಗ್ರಿಯೊಳಗಿನ ಕೋನಗಳು; ಒಂದು ಪಟ್ಟಿ ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಮೊದಲ ಪಿಯುಸಿಯಲ್ಲಿ ಕೋನಕ್ಕೆ ಮಿತಿಯೇ ಇಲ್ಲ. ಡಿಗ್ರಿ ಬದಲು ರೇಡಿಯನ್ ಅನ್ನುವ ಅಳತೆ ಬರುತ್ತದೆ. ಜೊತೆಗೆ ಗಣಗಳು, ಸಂಕೀರ್ಣ ಸಂಖ್ಯೆಗಳು, ಕ್ರಮಯೋಜನೆ, ಲಿಮಿಟ್, ಡೆರಿವೇಟಿವ್ ಎಲ್ಲ ಒಂದೇ ವರ್ಷದಲ್ಲಿ. ಬಾಯಿಪಾಠದಿಂದ ಒಂದು ಪಾಠ ದಾಟಬಹುದು, ಹತ್ತು ಪಾಠ ದಾಟಲಾಗುವುದಿಲ್ಲ. ಅದಾದ ಮೇಲೆ ಸಿಇಟಿ. ಅಲ್ಲಿ ಗಣಿತದಲ್ಲಿ 60 ಪ್ರಶ್ನೆ, ಸಮಯ 80 ನಿಮಿಷ. ಹೆಚ್ಚುಕಮ್ಮಿ ನಿಮಿಷಕ್ಕೊಂದು. ಅರ್ಥವಾಗದೆ ಉರು ಹೊಡೆದವರಿಗೆ ಅಲ್ಲಿ ಯೋಚಿಸಲು ಪುರಸೊತ್ತೇ ಇಲ್ಲ. ಇಂಜಿನಿಯರಿಂಗ್ ಬೇಡ, ಡಿಪ್ಲೊಮಾ ಸಾಕು ಅಂದರೂ ಅಲ್ಲಿಯೂ ಮೊದಲಿಗೇ ಗಣಿತ ಕಾದಿರುತ್ತದೆ.

ಸಿಬಿಎಸ್‌ಇ ಶಾಲೆಗೆ ಹಾಕಿದವರು “ನಮಗೆ ಈ ಚಿಂತೆಯಿಲ್ಲ” ಅಂದುಕೊಳ್ಳಬೇಡಿ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೆಯ ಗಣಿತಕ್ಕೆ ಎರಡು ಬಗೆಯ ಪ್ರಶ್ನೆಪತ್ರಿಕೆ ಇದೆ: ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಪಾಠ ಒಂದೇ, ಪತ್ರಿಕೆ ಬೇರೆ. ಬೇಸಿಕ್ ಸುಲಭದ್ದು, ಮುಂದೆ ಗಣಿತ ಓದದವರಿಗಾಗಿ ಮಾಡಿದ್ದು. ಅಂಕ ಜಾಸ್ತಿ ಬರಲಿ ಅಂತ ಮಗು ಬೇಸಿಕ್ ಬರೆದು ಆಮೇಲೆ ಸೈನ್ಸ್ ಬೇಕು ಅಂದರೆ ತೊಡಕಾಗುತ್ತದೆ. ಈ ನಿಯಮವನ್ನು ಆಗಾಗ ಸಡಿಲಿಸಿದ್ದೂ ಉಂಟು. ಆದ್ದರಿಂದ ಅರ್ಜಿ ತುಂಬುವ ಮೊದಲೇ ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ.

ನಮ್ಮ ನಾದಿನಿಯ ಮಗ ಅಂಥ ಶಾಲೆಯಲ್ಲೇ ಓದುವುದು. ಒಂದು ಸಲ ವರ್ಗಸಮೀಕರಣದ ಸೂತ್ರ ಉರು ಹೊಡೆಯುತ್ತಿದ್ದ. “ಇದು ಎಲ್ಲಿಂದ ಬಂತೋ?” ಅಂದೆ. “ಬುಕ್ಕಲ್ಲಿದೆ ಅತ್ತೆ” ಅಂದ. ಕೊರೋನಾ ಆದ ಮೇಲೆ 2022ರಲ್ಲಿ ಎನ್‌ಸಿಇಆರ್‌ಟಿಯವರು ಮಕ್ಕಳ ಹೊರೆ ಇಳಿಸಲು ಕೆಲವು ಭಾಗ ಕೈಬಿಟ್ಟರು. ಅದರಲ್ಲಿ ವರ್ಗ ಪೂರ್ಣಗೊಳಿಸುವ ವಿಧಾನವೂ ಹೋಯಿತು. ಆ ಸೂತ್ರ ಹುಟ್ಟಿದ್ದೇ ಆ ವಿಧಾನದಿಂದ! ನಮ್ಮ ಕಾಲದ ಮೇಷ್ಟ್ರು ಅದನ್ನು ಚಿತ್ರ ಬಿಡಿಸಿ ತೋರಿಸಿದ್ದರು. ನನಗೆ ಕೌದಿ ಹೊಲಿಯುವಾಗಲೆಲ್ಲ ಅದು ನೆನಪಾಗುತ್ತದೆ. ನೀವೂ ನೋಡಿ.

ಒಂದು ಬಟ್ಟೆಯ ತುಂಡು ಇದೆ. ಅಗಲಕ್ಕಿಂತ ಉದ್ದ 6 ಗೇಣು ಹೆಚ್ಚು. ಒಟ್ಟು 16 ಚದರ ಗೇಣು. ಅಗಲ ಎಷ್ಟು? ಆ ಹೆಚ್ಚಿನ 6 ಗೇಣಿನ ಭಾಗ ಕತ್ತರಿಸಿ, ಅದನ್ನು ಮೂರು ಮೂರು ಗೇಣಿನ ಎರಡು ಪಟ್ಟಿ ಮಾಡಿ. ಉಳಿದ ಚೌಕದ ಒಂದು ಪಕ್ಕಕ್ಕೊಂದು, ಕೆಳಗೊಂದು ಜೋಡಿಸಿ. ದೊಡ್ಡ ಚೌಕ ಆಗುತ್ತಾ ಬಂತು, ಆದರೆ ಒಂದು ಮೂಲೆ ಖಾಲಿ. ಆ ಮೂಲೆಗೆ ಬೇಕಾದ ತೇಪೆ ಮೂರು ಮೂರಲ ಒಂಬತ್ತು. ಹದಿನಾರಕ್ಕೆ ಒಂಬತ್ತು ಸೇರಿಸಿದರೆ 25. ಅಂದರೆ ದೊಡ್ಡ ಚೌಕದ ಒಂದು ಬದಿ 5. ಅದರಲ್ಲಿ ಪಟ್ಟಿಯ 3 ಕಳೆದರೆ ಅಗಲ 2. ಎರಡು ಅಗಲ, ಎಂಟು ಉದ್ದ, ಎರಡೆಂಟಲ ಹದಿನಾರು. ಸರಿಹೋಯಿತು! ಹುಡುಗನಿಗೆ ಹಳೇ ಸೀರೆಯ ತುಂಡಿನಲ್ಲಿ ಇದನ್ನು ಕತ್ತರಿಸಿ ತೋರಿಸಿದೆ. “ಇಷ್ಟೇನಾ ಅತ್ತೆ!” ಅಂದ. ಹೊರೆ ಇಳಿಸಲು ಹೋಗಿ ಅರ್ಥವನ್ನೇ ಇಳಿಸಿಬಿಟ್ಟರೆ ಉಳಿದ ಸೂತ್ರ ಇನ್ನೂ ಭಾರವಾಗುತ್ತದೆ, ಅಲ್ಲವೇ?

ಮನೆಯಲ್ಲೇ ಮಾಡುವ ಐದು ಪರೀಕ್ಷೆ

ನಿಮ್ಮ ಮಗುವಿಗೆ ಶಾಲೆಯ ಗಣಿತ ಸಾಲುತ್ತಿದೆಯೋ ಇಲ್ಲವೋ ತಿಳಿಯಲು ನೀವು ಬಿ.ಎಸ್ಸಿ. ಓದಿರಬೇಕಾಗಿಲ್ಲ. ನಾನು ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

1. “ಯಾಕೆ?” ಅಂತ ಕೇಳಿ. ತ್ರಿಭುಜದ ವಿಸ್ತೀರ್ಣಕ್ಕೆ ಆ ‘ಅರ್ಧ’ ಎಲ್ಲಿಂದ ಬಂತು? ಗೊತ್ತಿರುವ ಮಗು ಕರ್ಚೀಫನ್ನು ಮೂಲೆಯಿಂದ ಮೂಲೆಗೆ ಮಡಿಸಿ ತೋರಿಸುತ್ತದೆ. ಗೊತ್ತಿಲ್ಲದ ಮಗು “ಹಾಗೇ ಇರೋದು” ಅನ್ನುತ್ತದೆ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಮಗು ಹೇಳಿದ್ದು ನಿಮಗೆ ಅರ್ಥವಾಯಿತೇ ಅನ್ನುವುದೇ ಅಳತೆಗೋಲು.

2. ಲೆಕ್ಕದ ವೇಷ ಬದಲಿಸಿ. ಅಂಗಡಿಯವನು 1000 ರೂಪಾಯಿಯ ಸೀರೆಯ ಬೆಲೆ ಶೇಕಡ 20 ಏರಿಸಿ, ಆಮೇಲೆ ಹಬ್ಬದ ರಿಯಾಯಿತಿ ಅಂತ ಶೇಕಡ 20 ಇಳಿಸಿದ. ಈಗ ಬೆಲೆ ಎಷ್ಟು? “ಅಷ್ಟೇ, ಸಾವಿರ” ಅಂದರೆ ಮಗುವಿಗೆ ಶೇಕಡಾ ಬರುವುದಿಲ್ಲ ಅಂತಲೇ ಲೆಕ್ಕ. 1200 ಆಗಿ, ಅದರಲ್ಲಿ 240 ಇಳಿದು, 960 ಆಗುತ್ತದೆ. ಹಾಗೆಯೇ ಇನ್ನೊಂದು. ಬಸ್ಸು 120 ಕಿಲೋಮೀಟರ್ ದೂರದ ಊರಿಗೆ ಗಂಟೆಗೆ 40ರ ವೇಗದಲ್ಲಿ ಹೋಯಿತು, 60ರ ವೇಗದಲ್ಲಿ ವಾಪಸ್ ಬಂತು. ಸರಾಸರಿ 50 ಅಲ್ಲ. ಹೋಗಲು ಮೂರು ಗಂಟೆ, ಬರಲು ಎರಡು ಗಂಟೆ, 240 ಕಿಲೋಮೀಟರಿಗೆ ಐದು ಗಂಟೆ, ಸರಾಸರಿ 48.

3. ಹಳೆಯ ಪಾಠ ಕೇಳಿ. ಮೂರು ತಿಂಗಳ ಹಿಂದಿನ ಟೆಸ್ಟ್ ಪೇಪರನ್ನು ಹೇಳದೆ ಕೇಳದೆ ಒಂದು ಭಾನುವಾರ ಮುಂದಿಡಿ. ಆಗ 25ಕ್ಕೆ 24 ಬಂದದ್ದು ಈಗ ಹತ್ತಕ್ಕಿಳಿದರೆ, ಅದು ತಲೆಗೆ ಹೋದದ್ದಲ್ಲ, ನಾಲಿಗೆಯ ಮೇಲಿದ್ದದ್ದು.

4. ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕಿ. ಕಾಟು, ತಿದ್ದುಪಡಿ, ಎರಡನೇ ಸಲ ಮಾಡಿದ ಗುರುತು ಇದ್ದರೆ ಸಂತೋಷಪಡಿ. ಮಗು ತಾನೇ ಯೋಚಿಸಿದೆ.

5. ಗೊತ್ತಿಲ್ಲದ ಲೆಕ್ಕದ ಮುಂದೆ ಎಷ್ಟು ಹೊತ್ತು ಕೂರುತ್ತದೆ ನೋಡಿ. ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಎರಡೇ ನಿಮಿಷಕ್ಕೆ “ಇದು ನಮಗೆ ಹೇಳಿಕೊಟ್ಟಿಲ್ಲ” ಅಂತ ಪುಸ್ತಕ ಮುಚ್ಚಿದರೆ ಹುಷಾರಾಗಿ. ಉತ್ತರ ಬಾರದೇ ಇದ್ದರೂ ಅರ್ಧ ಗಂಟೆ ಗುದ್ದಾಡಿದರೆ, ಆ ಮಗುವಿನ ಬಗ್ಗೆ ಚಿಂತೆ ಬೇಡ.

ಈ ಐದರಲ್ಲಿ ಮೂರು ನಾಲ್ಕು ಸರಿಯಿದ್ದರೆ ನಿಮ್ಮ ಮಗುವಿಗೆ ಗಣಿತ ನಿಜಕ್ಕೂ ಸುಲಭ. ದೇವರು ಕೊಟ್ಟ ಬುದ್ಧಿ, ಸಂತೋಷಪಡಿ. ಸುಲಭ ಅಂದದ್ದೆಲ್ಲ ಜೊಳ್ಳು ಅಂತ ನಾನು ಹೇಳುತ್ತಿಲ್ಲ.

ಜೊಳ್ಳಾಗಿದ್ದರೆ ಏನು ಮಾಡಬೇಕು?

ಮೊದಲು, ಮಾಡಬಾರದ್ದು ಹೇಳುತ್ತೇನೆ. ಗಾಬರಿಬಿದ್ದು ಮುಂದಿನ ವರ್ಷದ ಪಾಠಕ್ಕೆ ಟ್ಯೂಷನ್ ಹಾಕಬೇಡಿ. ಒಂಬತ್ತರ ಬುಡ ಗಟ್ಟಿಯಿಲ್ಲದೆ ಹನ್ನೊಂದರ ‘ಫೌಂಡೇಶನ್’ ಕ್ಲಾಸಿಗೆ ಕಳಿಸುವುದು ತಳಪಾಯವಿಲ್ಲದೆ ಮಾಳಿಗೆ ಎಬ್ಬಿಸಿದ ಹಾಗೆ. ದೊಡ್ಡವಳ ವಿಷಯದಲ್ಲಿ ನಾವು ಟ್ಯೂಷನ್ನಿಗೆ ಸುರಿದ ದುಡ್ಡೆಲ್ಲ ಹೋದದ್ದು ಹಾಗೆಯೇ. ಮಗುವಿಗೆ ಬೇಕಾದದ್ದು ಅದೇ ಪಾಠ, ಆದರೆ ಇನ್ನಷ್ಟು ಆಳವಾಗಿ.

ನಮ್ಮ ಮೇಷ್ಟ್ರೇ ಒಂದು ದಾರಿ ಹೇಳಿದರು. “ಪ್ರತಿ ಅಭ್ಯಾಸದ ಕೊನೆಯ ಎರಡು ಮೂರು ಲೆಕ್ಕ ಕ್ಲಾಸಿನಲ್ಲಿ ಬಿಟ್ಟುಬಿಡ್ತೀನಿ. ಅವನ್ನ ನಿಮ್ಮ ಮಗಳು ಮನೆಯಲ್ಲಿ ತಾನೇ ಮಾಡಲಿ. ಬರದಿದ್ದರೆ ಪ್ರಯತ್ನ ಪಟ್ಟ ಪುಟಾನೇ ತರಲಿ, ಊಟದ ಬಿಡುವಿನಲ್ಲಿ ನೋಡ್ತೀನಿ. ಗೈಡ್ ಮಾತ್ರ ಮನೆಯಲ್ಲಿ ಇಡಬೇಡಿ” ಅಂದರು. ಎನ್‌ಸಿಇಆರ್‌ಟಿಯವರು ‘ಎಕ್ಸೆಂಪ್ಲರ್’ ಅಂತ ಬೇರೆಯೇ ಲೆಕ್ಕದ ಪುಸ್ತಕ ತಂದಿದ್ದಾರೆ, ಪಾಠ ಅವೇ, ಲೆಕ್ಕ ಗಟ್ಟಿ ಅಂತ ಹೇಳಿ ಅದನ್ನೂ ತರಿಸಲು ಹೇಳಿದರು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಸಿಗುತ್ತದೆ. ಬೆಲೆಯೂ ಟ್ಯೂಷನ್ನಿನಂತೆ ಕೈ ಸುಡುವುದಿಲ್ಲ.

ದಿನಕ್ಕೆ ಒಂದೇ ಲೆಕ್ಕ ಅಂತ ಗೊತ್ತು ಮಾಡಿದೆವು. ಮೊದಲ ವಾರ ಮನೆಯಲ್ಲಿ ರಾಮಾಯಣ. “ಎಲ್ಲರ ಅಮ್ಮಂದಿರೂ 96ಕ್ಕೆ ಸುಮ್ಮನಿರ್ತಾರೆ, ನಿನಗೆ ಮಾತ್ರ ಸಾಲದು!” ಅಂತ ಬಾಗಿಲು ಹಾಕಿಕೊಂಡಳು. ನಮ್ಮವರೂ, “ನೆಟ್ಟಗೆ ಓದ್ತಿರೋ ಮಗೂನ ಯಾಕೆ ಕೆಣಕ್ತೀಯ?” ಅಂದರು. ಆಗ ದೊಡ್ಡವಳೇ ಹೋಗಿ ತಂಗಿಯ ಪಕ್ಕ ಕೂತಳು. ಒಳಗೆ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಮಾರನೇ ದಿನ ಚಿಕ್ಕವಳು ಪುಸ್ತಕ ತೆಗೆದಳು.

ಒಂದು ಲೆಕ್ಕ ಹೀಗಿತ್ತು. ಸಾಲಾಗಿ ಬರುವ ಯಾವುದೇ ಮೂರು ಸಂಖ್ಯೆ ಗುಣಿಸಿ, ಉತ್ತರ 6ರಿಂದ ಭಾಗವಾಗುತ್ತದೆ. ಯಾಕೆ? ನಾಲ್ಕು, ಐದು, ಆರು ಗುಣಿಸಿದಳು: 120. ಏಳು, ಎಂಟು, ಒಂಬತ್ತು ಗುಣಿಸಿದಳು: 504. ಎರಡೂ ಭಾಗವಾದವು. “ಆಯ್ತು ಅಮ್ಮಾ” ಅಂದಳು. “ಎಲ್ಲದಕ್ಕೂ ಹಾಗೇ ಆಗತ್ತೆ ಅಂತ ಹೇಗೆ ಗೊತ್ತು?” ಅಂದೆ. ಅಲ್ಲಿಗೆ ಸಿಕ್ಕಿಬಿದ್ದಳು. ಒಂದು ಸಂಜೆ ಹೋಯಿತು, ಎರಡು ಸಂಜೆ ಹೋಯಿತು. ಮೂರನೇ ಸಂಜೆ ನನ್ನ ಜೊತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. “ಅಮ್ಮಾ, ಸಾಲಾಗಿ ಮೂರು ಇದ್ರೆ ಅದರಲ್ಲಿ ಒಂದು ಮೂರರ ಮಗ್ಗಿಯದು ಇರಲೇಬೇಕು! ಸಮಸಂಖ್ಯೆಯೂ ಒಂದಾದ್ರೂ ಇರಲೇಬೇಕು! ಎರಡು, ಮೂರು ಎರಡೂ ಒಳಗೇ ಇದ್ಮೇಲೆ ಆರು ಎಲ್ಲಿಗೆ ಹೋಗತ್ತೆ!” ಅವಳ ಆ ಮುಖ ನೀವು ನೋಡಬೇಕಿತ್ತು. 96 ಬಂದ ದಿನವೂ ಆ ಬೆಳಕು ಇರಲಿಲ್ಲ.

ನನಗಾದರೋ ಆ ಉತ್ತರ ಮೊದಲೇ ಗೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಗೊತ್ತಿದ್ದರೆ ಮೊದಲ ಸಂಜೆಯೇ ಹೇಳಿಬಿಡುತ್ತಿದ್ದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು

“ನಮ್ಮ ಮನೆತನಕ್ಕೇ ಲೆಕ್ಕ ಹತ್ತಲ್ಲ”, “ಹೆಣ್ಣು ಹುಡುಗಿಗೆ ಅಷ್ಟೆಲ್ಲ ಲೆಕ್ಕ ಯಾಕೆ” ಅನ್ನುವ ಮಾತು ದಯವಿಟ್ಟು ಮಕ್ಕಳ ಕಿವಿಗೆ ಬೀಳಿಸಬೇಡಿ. ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯರು ‘ಗಣಿತಸಾರ ಸಂಗ್ರಹ’ ಬರೆದದ್ದು ನಮ್ಮ ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಲೋಕವನ್ನೇ ಬೆರಗಾಗಿಸಿದರು. ಎಲ್ಲರಿಗೂ ಆ ವೇಗ ಬೇಡ. ಯಾಕೆ ಅಂತ ಕೇಳುವ ತಾಳ್ಮೆ ಮಾತ್ರ ಎಲ್ಲರಿಗೂ ಬೇಕು.

ಸೈನ್ಸ್ ಓದದ ಹುಡುಗಿಗೂ ಅದು ಬೇಕು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಕೇಳಲು ಎಷ್ಟು ಸಣ್ಣದು! ವರ್ಷಕ್ಕೆ ಅದು ಶೇಕಡ 24. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರಿದರೆ 26 ದಾಟುತ್ತದೆ. ಇದು ಗೊತ್ತಿಲ್ಲದೆ ಓಲೆ, ಬಳೆ ಕಳೆದುಕೊಂಡ ಮನೆಗಳು ನಮ್ಮ ಬೀದಿಯಲ್ಲೇ ಇವೆ, ನಿಮ್ಮ ಬೀದಿಯಲ್ಲೂ ಇರಬಹುದು.

ಚಿಕ್ಕವಳು ಹತ್ತನೆಯ ತರಗತಿಗೆ ಬಂದ ಮೇಲೆ ಒಂದು ಟೆಸ್ಟಿನಲ್ಲಿ 89 ಬಂತು. ಮೊದಲಿಗಿಂತ ಕಮ್ಮಿಯೇ. ಗೊತ್ತಿರುವ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಒಂದು ಲೆಕ್ಕ ಬಿಡಿಸಲು ಹೋಗಿ ಸಮಯ ಸಾಲಲಿಲ್ಲವಂತೆ. ಅಂಕಪಟ್ಟಿ ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸಕ್ಕರೆ ಡಬ್ಬ ತೆಗೆದೆ. ನಮ್ಮವರು, “89ಕ್ಕೆ ಸಕ್ಕರೆಯೇ?” ಅಂದರು. “ಇದು ಅವಳೇ ದುಡಿದ 89” ಅಂದೆ.

ಅವಳು ಮುಂದೆ ಸೈನ್ಸ್ ತಗೋತಾಳೋ, ಕಾಮರ್ಸೋ, ಇನ್ನೊಂದೋ, ಅದು ಅವಳಿಷ್ಟ. ಅಕ್ಕ ಕೇಳಿದ ಆ ಪ್ರಶ್ನೆಯನ್ನು ಇವಳು ಮಾತ್ರ ನನ್ನನ್ನು ಕೇಳುವಂತಾಗಬಾರದು.

ನಿಮ್ಮ ಮಗ ಅಥವಾ ಮಗಳು ಮುಂದಿನ ಸಲ “ಮ್ಯಾಥ್ಸ್ ಈಸಿ ಅಮ್ಮಾ” ಅಂದರೆ ಬೈಯಬೇಡಿ, ಬೀಗಲೂ ಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿ ಎರಡು ಉಂಡೆ ಕೊಟ್ಟು, “ಹೌದಾ? ಹಾಗಾದರೆ ನನಗೂ ಸ್ವಲ್ಪ ಹೇಳಿಕೊಡು” ಅಂತ ಕೇಳಿ ನೋಡಿ.